ಹಸಿರು ರಿಬ್ಬನ್ನಿನ ಸೇವಂತಿಗೆ

ಜಾಕೆಟ್ಟಿಗೆಂದು ತನ್ನ ಹುಡುಗ ಟ್ರೇಸನ ಟ್ರಕ್ಕಿನ ಸೀಟಿನ ಹಿಂದೆ ಕೈಹಾಕಿದ ಲೇನಿಗೆ ಸಿಕ್ಕಿದ್ದು ರಟ್ಟಿನ ಪೆಟ್ಟಿಗೆ. ಮುಚ್ಚಳ ತೆಗೆದಳು. ಒಳಗೆ ಊಟದ ತಟ್ಟೆಯಷ್ಟು ಅಗಲದ ಬಟ್ಟೆಯ ಸೇವಂತಿಗೆ, ಅದರಿಂದ ಇಳಿಬಿದ್ದ ಮೊಳಗಟ್ಟಲೆ ರಿಬ್ಬನ್, ಗೆಜ್ಜೆ, ನಡುವೆ ಒಂದು ಕರಡಿ ಗೊಂಬೆ. ಶಾಲೆಯ ವರ್ಷದ ದೊಡ್ಡ ಹಬ್ಬವಾದ ಹೋಮ್‌ಕಮಿಂಗ್ ಶುಕ್ರವಾರ ಹುಡುಗಿಯರು ಎದೆಯ ಮೇಲೆ ಹೊತ್ತು ಮೆರೆಯುವ ಹೂ. ಟೆಕ್ಸಸ್ಸಿನಲ್ಲಿ ಅದನ್ನು ಕೊಡಿಸದ ಹುಡುಗನಿಗೆ ಮರ್ಯಾದೆಯಿಲ್ಲ.

ಒಂದು ಕ್ಷಣ ಹಿಗ್ಗಿದಳು. ಆಮೇಲೆ ಬಣ್ಣ ಕಂಡಿತು.

ಅವರ ಶಾಲೆಯದು ಕೆಂಗಂದು ಬಣ್ಣ. ಅದರಲ್ಲೂ ಕೊನೆಯ ವರ್ಷದವರಿಗೆ ಬಿಳಿ-ಬೆಳ್ಳಿಯ ಹೂವೇ ಆಗಬೇಕು. ಲೇನಿ ಅದಕ್ಕಾಗಿ ನಾಲ್ಕು ವರ್ಷ ಕಾದಿದ್ದಳು. ಇದು ಹಸಿರು. ಹಸಿರು ಎಂದರೆ ನೂರು ಮೈಲಿ ಆಚೆಯ ಪೀಕನ್ ಫ್ಲಾಟ್, ಹೋದ ವರ್ಷ ಫುಟ್‌ಬಾಲಿನಲ್ಲಿ ಇವರಿಗೆ ಮಣ್ಣು ಮುಕ್ಕಿಸಿದ ಶಾಲೆ. ಅವರ ಹೋಮ್‌ಕಮಿಂಗ್ ಈ ಶುಕ್ರವಾರ, ಇವರದು ಮುಂದಿನ ಶುಕ್ರವಾರ.

ಹೂವಿಗೆ ಹೆಸರಿನ ಎರಡು ಪಟ್ಟಿಗಳಿರುತ್ತವೆ. ಒಂದು ತೊಡುವವಳದು, ಇನ್ನೊಂದು ಕೊಡುವವನದು. ಮೊದಲನೆಯದರ ಮೇಲೆ ಮಿನುಗು ಅಕ್ಷರಗಳಲ್ಲಿ 'ಶೆಲ್ಬಿ' ಎಂದಿತ್ತು. ಎರಡನೆಯದನ್ನು ಒಳಕ್ಕೆ ಮಡಚಿ ಪಿನ್ನು ಹೊಡೆದಿದ್ದರು. ಲೇನಿ ಅದನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ. ಟ್ರೇಸನ ಟ್ರಕ್ಕಿನಲ್ಲಿ ಸಿಕ್ಕ ಹೂವಿನ ಮೇಲೆ ಇನ್ಯಾರ ಹೆಸರಿರುತ್ತದೆ?

ಟ್ರೇಸ್ ಪೆಟ್ರೋಲ್ ಬಂಕಿನ ಅಂಗಡಿಯಿಂದ ಎರಡು ತಂಪು ಪಾನೀಯ ಹಿಡಿದು ಬಂದ. ಪೆಟ್ಟಿಗೆ ನೋಡಿ ಅಲ್ಲೇ ನಿಂತ.

"ಯಾರೋ ಇವಳು ಶೆಲ್ಬಿ?"

"ಅದು ನಂದಲ್ಲ, ಲೇನಿ."

"ಗಾಡಿ ನಿಂದು, ಸೀಟು ನಿಂದು, ಹೂ ಮಾತ್ರ ನಿಂದಲ್ಲ. ನನ್ನ ಕಿವೀಗೂ ಒಂದು ಇಟ್ಬಿಡು."

"ಇದೊಂದು ಬಿಟ್ಟು ಬೇರೆ ಏನ್ ಬೇಕಾದ್ರೂ ಕೇಳು."

"ಬೇರೆ ಏನೂ ಬೇಡ. ಇದನ್ನ ಹೇಳು."

ಅವನು ಪೆಟ್ಟಿಗೆಯ ಮುಚ್ಚಳ ಹಾಕಿ ಸೀಟಿನ ಹಿಂದಕ್ಕೇ ತಳ್ಳಿದ. ಅವಳು ನಡೆದೇ ಮನೆಗೆ ಹೋದಳು.

ಹುಡುಗಿಯರು ಹುಡುಗರ ತೋಳಿಗೆ ಕಟ್ಟುವ ಚಿಕ್ಕ ಹೂವೊಂದಿದೆ. ಅದಕ್ಕಾಗಿ ಲೇನಿ ಆಗಸ್ಟಿನಿಂದ ಕ್ಯಾಂಟೀನಿನ ಟಾಕೋ ಬಿಟ್ಟಿದ್ದಳು, ಗೆಳತಿಯರು ಕಾಫಿಗೆ ಕರೆದರೆ ಹೊಟ್ಟೆನೋವು ಎನ್ನುತ್ತಿದ್ದಳು. ಉಳಿದ ದುಡ್ಡೆಲ್ಲ ರಿಬ್ಬನ್ನಿಗೆ, ಗೆಜ್ಜೆಗೆ ಹೋಗಿತ್ತು. ಅಂದು ಸಂಜೆ ಅದನ್ನು ಕತ್ತರಿಯಲ್ಲಿ ಚೂರುಚೂರು ಮಾಡಿ ಕಸದ ಡಬ್ಬಕ್ಕೆ ಸುರಿದಳು. ಹೊಟ್ಟೆ ಉರಿಯುತ್ತಿತ್ತು. ಮೋಸ ಹೋದದ್ದಕ್ಕಿಂತ, ಅವನನ್ನು ಕಣ್ಣುಮುಚ್ಚಿ ನಂಬಿದ್ದಕ್ಕೇ ಹೆಚ್ಚು.

ಅಪ್ಪ ರಸೆಲ್ ಹಾಲ್ಕಂಬ್ ಬಾಗಿಲಲ್ಲಿ ನಿಂತಿದ್ದ. ಅವನದು ಊರಿನ ದನದ ಮೇವಿನ ಅಂಗಡಿ. ಶಾಲೆ ಬಿಟ್ಟ ಮೇಲೆ ಟ್ರೇಸ್ ಅಲ್ಲೇ ಮೂಟೆ ಹೊರುತ್ತಿದ್ದ. ಲೇನಿ ಅಳುತ್ತಳುತ್ತ ಎಲ್ಲ ಹೇಳಿದಳು.

"ಅವನೇನಾದ್ರೂ ಹೇಳಿದ್ನಾ?" ಅಪ್ಪ ಕೇಳಿದ.

"ಬಾಯೇ ಬಿಡ್ಲಿಲ್ಲ."

ಅಪ್ಪ ಉಸಿರು ಬಿಟ್ಟು ಪಕ್ಕದಲ್ಲಿ ಕೂತ. ತಲೆ ಸವರಿದ. "ಬಿಟ್ಟಾಕು ಮಗಳೇ. ಅವನ ಹಿಂದೆ ಬಿದ್ದು ಕೆದಕೋಕೆ ಹೋಗ್ಬೇಡ. ನಿನ್ನ ಬಿಳಿ ಹೂವು ನಾನು ಕೊಡಿಸ್ತೀನಿ. ಚೆನ್ನಾಗಿ ಮಾಡೋರು ಗೊತ್ತು ನಂಗೆ."

ಅಪ್ಪನ ಅಂಗಿ ಒದ್ದೆಯಾಗುವಷ್ಟು ಅತ್ತಳು. ಸದ್ಯ, ಇವನೊಬ್ಬನಾದರೂ ಇದ್ದಾನಲ್ಲ ಎನಿಸಿತು.

ಗುರುವಾರ ಶಾಲೆಯಲ್ಲಿ ಟ್ರೇಸ್ ಅಡ್ಡ ಬಂದ. ನಿದ್ದೆಯಿಲ್ಲದ ಕಣ್ಣು. "ನಾಳೆ ಪೀಕನ್ ಫ್ಲಾಟಿಗೆ ಮಾತ್ರ ಹೋಗ್ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದು ನೋಡ್ಕೊಳ್ಳೋಕೆ ಬೇರೆಯವರಿದ್ದಾರೆ. ನೀನು ನಿನ್ನ ಶೆಲ್ಬೀನ ನೋಡ್ಕೋ."

ಹೋಗುವ ಯೋಚನೆಯೇ ಅವಳಿಗಿರಲಿಲ್ಲ. ಆ ಮಾತು ಕೇಳಿದ ಮೇಲೆ ಬಂತು.

ಶುಕ್ರವಾರ ಅಪ್ಪ ಎಂದಿನಂತೆ ದನದ ಹರಾಜಿಗೆಂದು ಮಧ್ಯಾಹ್ನವೇ ಹೊರಟಿದ್ದ. ಲೇನಿ ಗೆಳತಿಯ ಮನೆಗೆ ಎಂದು ಅಮ್ಮನ ಕಾರು ಕೇಳಿ ಪಡೆದಳು. ದಾರಿಯುದ್ದಕ್ಕೂ ಶೆಲ್ಬಿಗೆ ಹೇಳಬೇಕಾದ ಮಾತನ್ನು ಮಸೆಯುತ್ತಲೇ ಇದ್ದಳು: ನಿನಗೆ ಹೂ ಕೊಟ್ಟವನು ನಮ್ಮೂರಲ್ಲೂ ಒಬ್ಬಳನ್ನು ಇಟ್ಟುಕೊಂಡಿದ್ದಾನೆ.

ಕ್ರೀಡಾಂಗಣ ಪೂರ್ತಿ ಹಸಿರಾಗಿತ್ತು. ಅರ್ಧ ಆಟ ಮುಗಿದು, ತರಗತಿಗೊಬ್ಬಳಂತೆ ಆರಿಸಿದ ರಾಜಕುಮಾರಿಯರು ಮೆರವಣಿಗೆಗೆ ಬೇಲಿಯ ಬಳಿ ಸಾಲು ನಿಂತಿದ್ದರು. ಕೊನೆಯವಳ ಎದೆಯ ಮೇಲೆ ಅದೇ ಹೂ, ಅದೇ ಕರಡಿ. ಹದಿನಾಲ್ಕರ ಹುಡುಗಿ. ಹಲ್ಲಿಗೆ ತಂತಿ. ಲೇನಿ ಮಸೆದಿಟ್ಟ ಮಾತನ್ನು ಬಿಟ್ಟು ಬೇರೆಯದನ್ನೇ ಕೇಳಿದಳು.

"ಹೂ ಚೆನ್ನಾಗಿದೆ. ಯಾರು ಕೊಟ್ಟಿದ್ದು?"

"ಈಗ ನನ್ನ ಜೊತೆ ನಡೀತಾರಲ್ಲ, ಅವ್ರೇ." ಹುಡುಗಿ ನಕ್ಕಳು. "ಕೆಲಸ ಬಿಟ್ಟು ಬರ್ತಾರೋ ಇಲ್ವೋ ಅಂತ ಬೆಳಗ್ಗಿಂದ ದಾರಿ ಕಾಯ್ತಿದ್ದೆ. ಬಂದ್ರು. ಗಾಡಿ ನಿಲ್ಲಿಸ್ತಿದಾರೆ."

"ಅವನು ನಿಂಗೊಬ್ಬಳಿಗೇ ಹೂ ಕೊಡೋದು ಅಂದ್ಕೊಂಡಿದೀಯಾ?"

"ಮತ್ತಿನ್ಯಾರಿಗೆ? ಅವ್ರಿಗೆ ಇರೋದು ನಾನೊಬ್ಳೇ ಅಲ್ವಾ?"

ಪಾಪ ಎನಿಸಿತು. ಇದಕ್ಕೂ ಟೋಪಿ ಹಾಕಿದ್ದಾನೆ. ಟ್ರೇಸ್ ಮೈದಾನಕ್ಕೆ ಕಾಲಿಡಲಿ, ಇಷ್ಟು ಜನರ ಮುಂದೆ ಅವನ ಹೆಸರು ಹಿಡಿದು ಕೂಗಿ ಮಾನ ಹರಾಜು ಹಾಕುತ್ತೇನೆ ಎಂದುಕೊಂಡಳು. ಬೇಲಿ ಹಿಡಿದು ಕಾದಳು. ಧ್ವನಿವರ್ಧಕ ಗೊರಗುಟ್ಟಿತು.

"ಒಂಬತ್ತನೇ ತರಗತಿಯ ರಾಜಕುಮಾರಿ ಶೆಲ್ಬಿ ಹಾಲ್ಕಂಬ್, ಕೈಹಿಡಿದು ಕರೆತರುತ್ತಿರುವವರು ಅವಳ ತಂದೆ, ರಸೆಲ್ ಹಾಲ್ಕಂಬ್."