ಮೊಣಕೈಯ ಬಿಳಿ ಮಚ್ಚೆ

ಬ್ಯೂಟಿಷಿಯನ್ ತರಬೇತಿಯಲ್ಲಿ ಅಂದು ಚರ್ಮರೋಗಗಳ ಪಾಠ. "ಹುಳಕಡ್ಡಿ ಅಂಟುತ್ತೆ, ಅಂಥವರನ್ನ ಡಾಕ್ಟರ್ ಹತ್ರ ಕಳಿಸಿ. ತೊನ್ನು ಅಂಟಲ್ಲ. ಅದರಲ್ಲಿ ನಾಚಿಕೆ ಪಡೋದೂ ಏನಿಲ್ಲ, ಮುಚ್ಚಿಡೋದೂ ಏನಿಲ್ಲ," ಎಂದು ಮೇಡಂ ಮೇಜು ಕುಟ್ಟಿ ಹೇಳಿದರು.

ಬಿರುಬೇಸಿಗೆಯಲ್ಲೂ ತುಂಬುತೋಳಿನ ಚೂಡಿದಾರ ಬಿಡದ ನಾಗವೇಣಿ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದಳು. ಎಲ್ಲರೂ ಹೋದ ಮೇಲೆ ಮೇಡಂ ಮುಂದೆ ನಿಂತು, ಚೂಡಿದಾರದ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈ ತುಂಬ ಬಿಳಿ ಮಚ್ಚೆ.

"ನಾಳೆಯಿಂದ ಗಿಡ್ಡತೋಳಿನದೇ ಹಾಕ್ಕೊಂಡು ಬರ್ತೀನಿ, ಮೇಡಂ."

ಮೇಡಂ ಎದ್ದು ಬಾಗಿಲಿಗೆ ಚಿಲಕ ಹಾಕಿದರು. ತಮ್ಮ ಕೈಚೀಲದ ತಳದಿಂದ ಅರ್ಧ ಖಾಲಿಯಾದ ಫೌಂಡೇಶನ್ ಬಾಟಲಿ ತೆಗೆದು, ಅವಳ ಮಚ್ಚೆಯ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ಹಚ್ಚಿದರು. ನೋಡನೋಡುತ್ತಲೇ ಬಿಳುಪು ಮಾಯವಾಯಿತು.

"ಮುಚ್ಚಿಡಬಾರದು ಅಂತ ನೀವೇ ಹೇಳಿದ್ರಲ್ಲ, ಮೇಡಂ?"

"ಅದು ಪರೀಕ್ಷೇಲಿ ಬರೆಯೋಕೆ ಕಣೇ. ಮೇಲೆ ಪೌಡರ್ ಹಾಕೋದು ಮರೀಬೇಡ, ಇಲ್ದಿದ್ರೆ ಬೆವರಿಗೆ ಕರಗುತ್ತೆ," ಎನ್ನುತ್ತ ಮೇಡಂ ಬಾಟಲಿಯ ಮುಚ್ಚಳ ತಿರುಗಿಸಿದರು. "ನಮ್ಮ ಯಜಮಾನ್ರಿಗೆ ನನ್ನದು ಇವತ್ತಿಗೂ ಗೊತ್ತಿಲ್ಲ."