ಬಾಗಿದ ಲಿವರ್

ಸೀಮೆಎಣ್ಣೆಯ ವಾಸನೆ ಎಲ್ಲಿ ಬಂದರೂ ನನ್ನ ಎಡಗೈ ಬೆರಳುಗಳು ಈಗಲೂ ತಾವಾಗಿಯೇ ಮಡಚಿಕೊಳ್ಳುತ್ತವೆ.

ಆಗ ನನಗೆ ಹತ್ತು ವರ್ಷ. ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದ ನನ್ನ ಪುಟ್ಟ ಡರ್ಟ್ ಬೈಕಿನ ಮೇಲೆ ಕೂತರೆ ಮಂಡಿ ಹ್ಯಾಂಡಲ್‌ಗೆ ತಾಗತೊಡಗಿತ್ತು. ಅಪ್ಪ ಯಾರದೋ ಮಗು ಓಡಿಸಿ ಬಿಟ್ಟ ದೊಡ್ಡ ಬೈಕೊಂದನ್ನು ತಂದರು; ಚಿಕ್ಕದನ್ನು ಬೇರೆ ಮಗುವಿಗೆ ಕೊಡುವುದೆಂದಾಯಿತು. ವಿಜಯನಗರದ ಮನೆಯ ಪೋರ್ಟಿಕೊದಲ್ಲಿ ಎರಡನ್ನೂ ನಿಲ್ಲಿಸಿಕೊಂಡು, ಚಿಕ್ಕದರ ಗಟ್ಟಿ ಗ್ರಿಪ್, ಫುಟ್‌ರೆಸ್ಟ್‌ಗಳನ್ನು ದೊಡ್ಡದಕ್ಕೆ ಬದಲಿಸಿದೆವು. ಬೋಲ್ಟುಗಳನ್ನೆಲ್ಲ ಅಮ್ಮ ಬಟ್ಟೆ ನೆನೆಸುವ ಬೇಸಿನ್ನಿನಲ್ಲಿ ಸೀಮೆಎಣ್ಣೆ ಸುರಿದು ತೊಳೆದೆವು.

"ಆ ಬೇಸಿನ್ ಇನ್ಮೇಲೆ ನೀವೇ ಇಟ್ಕೊಳ್ಳಿ" ಎಂದು ಅಮ್ಮ ಒಳಗೆ ಹೋದಳು.

ಕೊನೆಗೆ ನಾನು ಚಿಕ್ಕ ಬೈಕಿನ ಕ್ಲಚ್ ಲಿವರ್‌ಗೆ ಸ್ಪ್ಯಾನರ್ ಹಾಕಿದೆ. ನನ್ನ ಬೆರಳಿಗೆ ಎಟುಕಲೆಂದು ಅಪ್ಪ ಅದನ್ನು ಕಾಯಿಸಿ ಒಳಕ್ಕೆ ಬಗ್ಗಿಸಿದ್ದರು.

"ಅದನ್ನ ಬುಟ್ಬುಡು ಕಣಮ್ಮ. ತಗೊಂಡ್ಹೋಗೋ ಮಗೂಗೂ ಚಿಕ್ಕ ಬೆರಳೇ ತಾನೆ?" ಎಂದರು ಅಪ್ಪ.

"ನೀವು ನಂಗೆ ಅಂತ ಮಾಡಿದ್ದು!" ಎಂದು ನಾನು ಅತ್ತುಬಿಟ್ಟೆ.

ಅಪ್ಪ ನನ್ನನ್ನು ಎತ್ತಿ ದೊಡ್ಡ ಬೈಕಿನ ಮೇಲೆ ಕೂರಿಸಿದರು. ಕಾಲು ನೆಲಕ್ಕೆ ಸಿಗಲಿಲ್ಲ. ಕ್ಲಚ್ಚೂ ಸಿಗುವುದಿಲ್ಲ, ನೋಡಿ ಬೇಕಾದರೆ, ಎಂಬ ಸಿಟ್ಟಿನಲ್ಲೇ ಕೈ ಚಾಚಿದೆ. ಎರಡು ಬೆರಳೂ ಸಲೀಸಾಗಿ ಲಿವರ್ ಮೇಲೆ ಕೂತವು. ಅದೂ ಒಳಕ್ಕೆ ಬಾಗಿತ್ತು. ಬಾಗಿದಲ್ಲಿ, ಕಾಯಿಸಿದ ಕಪ್ಪು ಕಲೆ.

"ನೀವು ಬಗ್ಗಿಸಿದ್ರಾ ಅಪ್ಪಾ?"

"ನಾನಲ್ಲ," ಎಂದರು ಅಪ್ಪ, ಕೈ ಒರೆಸಿಕೊಳ್ಳುತ್ತ. "ತಂದಾಗ್ಲೇ ಹಂಗಿತ್ತು ಕಣಮ್ಮ."