ಅತ್ತೆಯ ಡ್ರಮ್ಮು

“ನಾನು ಇವತ್ತು ಬರಲ್ಲ. ಅಭ್ಯಾಸ ಇದೆ,” ಎಂದು ಅತ್ತೆ ಹೇಳಿದಾಗ ಸೊಸೆ ಬುತ್ತಿಯ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮಗ, ಮಗಳು ಇಬ್ಬರೂ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕುಣಿಯುತ್ತಿದ್ದರು.

ಶಾಲೆಗೆ ರಜೆ ಬಂದಾಗಿನಿಂದ ಭಾನುವಾರವೆಂದರೆ ಮನೆಯವರೆಲ್ಲ ಕೆರೆಗೋ ಗುಡ್ಡಕ್ಕೋ ಮೃಗಾಲಯಕ್ಕೋ ಹೊರಡುವುದು ವಾಡಿಕೆ. ಅದೇ ರಜೆಯಲ್ಲಿ ಅತ್ತೆ ಬಡಾವಣೆಯ ಬ್ಯಾಂಡಿಗೆ ಸೇರಿಕೊಂಡಿದ್ದರು. ಹೊಲಿಗೆ ಕಾರ್ಖಾನೆಯಲ್ಲಿ ಜೀವ ತೇಯ್ದು ನಿವೃತ್ತರಾದ ಹೆಂಗಸು ಕೊಳಲೋ ಗಿಳಲೋ ಹಿಡಿದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ಬ್ಯಾಂಡಿನಲ್ಲೇ ಎಲ್ಲಕ್ಕಿಂತ ದೊಡ್ಡ ಡ್ರಮ್ಮು. ಅದನ್ನು ಮನೆಗೆ ಕೊಡುತ್ತಿರಲಿಲ್ಲವಾದ್ದರಿಂದ ಸೋಫಾದ ದಿಂಬಿನ ಮೇಲೆ ಕೈ ಪಳಗಿಸುತ್ತಿದ್ದರು. ದಿಂಬಿನ ಹತ್ತಿ ಹೊರಬಂದಾಗಲೂ ಸೊಸೆ ತುಟಿ ಪಿಟಕ್ಕೆನ್ನದೆ ಹೊಲಿದಿಟ್ಟಿದ್ದಳು. ಈಗ ಕಾರ್ಯಕ್ರಮ ಹತ್ತಿರ ಬಂತು, ಇನ್ನು ಮೇಲೆ ಭಾನುವಾರವೂ ಅಭ್ಯಾಸ ಎನ್ನುತ್ತಿದ್ದಾರೆ. ಗಂಡ ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು ಕಾಲು ಸೋತವಳಿಗೆ ಸ್ವಲ್ಪ ಹಗುರವಾಗಿ ಓಡಾಡಲು ಸಿಗುತ್ತಿದ್ದದ್ದು ಅದೊಂದೇ ದಿನ, ಅದೂ ಅತ್ತೆ ಜೊತೆಗಿದ್ದರೆ ಮಾತ್ರ. ಮುಖ ಊದಿಸಿಕೊಂಡೇ ಹೊರಟಳು.

ಕೆರೆಯಲ್ಲಿ ದೋಣಿ ಕಂಡದ್ದೇ ತಡ, ಮಕ್ಕಳು ಓಟ ಕಿತ್ತರು. ಗಂಡ ಚೀಲ, ಚಾಪೆ, ನೀರಿನ ಬಾಟಲಿಗಳನ್ನು ಅವಳ ಮುಂದಿಟ್ಟು, ಇದನ್ನೆಲ್ಲ ನೋಡಿಕೊಂಡಿರು ಎಂದು ಹೇಳಿ ಅವರ ಹಿಂದೆ ಹೋದ. ಅದರಲ್ಲಿ ತಪ್ಪೇನೂ ಇರಲಿಲ್ಲ, ಯಾರಾದರೊಬ್ಬರು ಕೂರಲೇಬೇಕಿತ್ತು. ಅವಳು ಕೂತಳು. ದೋಣಿ ಚಿಕ್ಕದಾಗುತ್ತ ಹೋಯಿತು.

ಹೊತ್ತು ಹೋಗದೆ ಅತ್ತಿತ್ತ ಕಣ್ಣಾಡಿಸಿದಳು. ದಡದುದ್ದಕ್ಕೂ ಚಾಪೆಗಳು. ಚಾಪೆಗೊಬ್ಬಳು ವಯಸ್ಸಾದ ಹೆಂಗಸು, ಅವಳ ಸುತ್ತ ಚೀಲ, ಚಪ್ಪಲಿ, ಯಾರೋ ಬಿಚ್ಚಿಟ್ಟು ಹೋದ ಅಂಗಿ. ಪಕ್ಕದ ಚಾಪೆಯಾಕೆ ಸ್ನೇಹದಿಂದ ಇತ್ತ ಸರಿದು, ದೋಣಿಯತ್ತ ಕೈ ತೋರಿಸಿ, “ಮೊಮ್ಮಕ್ಕಳಾ?” ಎಂದು ಕೇಳಿದಳು.

ಆಕೆಯ ಕನ್ನಡಕ ಬದಲಾಯಿಸಬೇಕಾಗಿದೆ ಎಂಬುದು ಸೊಸೆಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಆ ಮಾತು ಎದೆಯೊಳಗೆ ಹೋಗಿ ಕೂತುಬಿಟ್ಟಿತು.

ಮನೆಗೆ ಬಂದಾಗ ಅತ್ತೆ ಅಂಗೈಯ ಬೊಬ್ಬೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಮುಖ ಮಾತ್ರ ಬೆಳಗುತ್ತಿತ್ತು. ಮಗಳು ಅಜ್ಜಿಯ ತೊಡೆಯೇರಿ ದೋಣಿಯ ಕತೆಯನ್ನೆಲ್ಲ ಒಪ್ಪಿಸಿ, “ಅಮ್ಮ ಮಾತ್ರ ಬರಲಿಲ್ಲ. ಅಮ್ಮನಿಗೂ ನಿನ್ ಥರಾನೇ ನೀರು ಅಂದ್ರೆ ಭಯ ಅಂತೆ. ಅಪ್ಪ ಹೇಳಿದ್ರು,” ಎಂದಳು.

ಮಕ್ಕಳು ಆಚೆ ಹೋದ ಮೇಲೆ ಸೊಸೆ ಮೆಲ್ಲಗೆ ಕೇಳಿದಳು: “ನಿಮಗೆ ನಿಜವಾಗ್ಲೂ ಭಯಾನಾ ಅತ್ತೆ?”

“ಮದುವೆಗೆ ಮುಂಚೆ ಹೊಳೇನ ಈಜಿ ದಾಟ್ತಿದ್ದೆ ಕಣೆ,” ಎಂದರು ಅತ್ತೆ. “ನಿನ್ ಗಂಡ ಚಿಕ್ಕವನಿದ್ದಾಗ ಒಂದ್ಸಲ ಸಾಮಾನು ನೋಡ್ಕೊಂಡು ದಡದಲ್ಲಿ ಕೂತೆ. ಆಮೇಲೆ ಪ್ರತಿ ಸಲಾನೂ ಕೂತೆ. ಅದು ಯಾವಾಗ ಭಯ ಅಂತ ಆಗೋಯ್ತೋ, ನನಗೂ ಗೊತ್ತಾಗಲಿಲ್ಲ.”

ಸೊಸೆ ಅತ್ತೆಯ ಕೈ ಹಿಡಿದು, ಸಡಿಲವಾಗಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

ರಜೆಯ ಕೊನೆಯ ಭಾನುವಾರ ಬ್ಯಾಂಡಿನ ಕಾರ್ಯಕ್ರಮವಿದ್ದದ್ದು ಅದೇ ಕೆರೆಯ ದಂಡೆಯಲ್ಲಿ. ನೀಲಿ ಕೋಟು ತೊಟ್ಟು ಡ್ರಮ್ಮು ಹೊತ್ತ ಅತ್ತೆ ಮುಂದಿನಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ. ಡ್ರಮ್ಮಿಗೇ ಕೈಕಾಲು ಬಂದ ಹಾಗಿತ್ತು. ಒಂದು ಕಡೆ ತಾಳ ತಪ್ಪಿತು. ನಾಲಿಗೆ ಕಚ್ಚಿಕೊಂಡರು, ಮತ್ತೆ ಹಿಡಿದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಸೊಸೆ ಹೋಗಿ ದೋಣಿಗೆ ಎರಡೇ ಎರಡು ಟಿಕೆಟ್ ತಂದಳು. ಗಂಡ ಕೈ ಚಾಚಿದ. ಆ ಕೈಗೆ ಅವಳು ಡ್ರಮ್ಮಿನ ಪಟ್ಟಿ ಕೊಟ್ಟಳು, ಮಕ್ಕಳಿಬ್ಬರನ್ನೂ ಅವನ ಪಕ್ಕ ಕೂರಿಸಿದಳು, ಅತ್ತೆಯನ್ನು ಕರೆದುಕೊಂಡು ನಡೆದಳು.

ಹುಟ್ಟು ಹಿಡಿದದ್ದು ಅತ್ತೆ. ಕೋಟಿನ ತೋಳು ಮೇಲಕ್ಕೆ ಮಡಚಿಕೊಂಡು ಅವರು ಎಳೆದ ರಭಸಕ್ಕೆ ದೋಣಿ ನೋಡನೋಡುತ್ತಿದ್ದಂತೆ ಕೆರೆಯ ನಡುವಿಗೆ ಬಂದಿತು. ದಡದಲ್ಲಿ ಗಂಡ ಎದ್ದು ನಿಂತು ಕೈ ಬೀಸುತ್ತಿದ್ದ. ಒಂದು ಮಗು ಅಂಗಿ ಜಗ್ಗುತ್ತಿತ್ತು, ಇನ್ನೊಂದು ಡ್ರಮ್ಮು ಬಾರಿಸುತ್ತಿತ್ತು. ಸೊಸೆಗೆ ಪಾಪ ಅನ್ನಿಸಿ, ತಿರುಗಿ ಹೋಗೋಣವೇ ಎಂದು ಕೇಳಿದಳು.

ಅತ್ತೆ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

“ಇರಲಿ ಬಿಡೆ,” ಎಂದರು. “ಅವನಿಗೂ ಸ್ವಲ್ಪ ಅಭ್ಯಾಸ ಆಗಲಿ.”